ತಲೆಯಾಡಿಸುವ ಕರಡಿ

ಬಲ್ಗೇರಿಯದ ರೊಡೋಪ ಬೆಟ್ಟದ ಸಣ್ಣ ಶಾಲೆಯೊಂದರಲ್ಲಿ ದೋಂಕಾ ಯೋತೊವಾ ಮೂವತ್ತನಾಲ್ಕು ವರ್ಷದಿಂದ ಲೆಕ್ಕ ಕಲಿಸುತ್ತ ಬಂದವಳು. ಲೆಕ್ಕ ಅಂದರೆ ಮಕ್ಕಳಿಗೆ ಆಟವಾಗಬೇಕು ಎಂಬುದು ಅವಳ ಹಟ. ಅಂಗಿಯ ಗುಂಡಿ, ಬೂಟಿನ ಡಬ್ಬಿ, ಮೊಸರಿನ ಡಬ್ಬಿಯ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ಮಗ್ಗಿಯ ಆಟವಾಗಿಬಿಡುತ್ತಿತ್ತು. ಅಂಟು ಮೆತ್ತಿದ ಬೆರಳಲ್ಲೇ ಹಾಜರಿ ಹಾಕಿ ಪುಸ್ತಕದ ಹಾಳೆಗಳೂ ಅಂಟಿಕೊಂಡಿರುತ್ತಿದ್ದವು.

ಪ್ರೋಗ್ರಾಮಿಂಗಿನ ಒಂದಕ್ಷರವೂ ಅವಳಿಗೆ ಬಾರದು. ಆದರೆ ಮೇಷ್ಟರುಗಳಿಗೆಂದೇ ಮಾಡಿದ, ಆಟ ಕಟ್ಟುವ ಸಾಧನವೊಂದು ಕಂಪ್ಯೂಟರಿನಲ್ಲಿ ಸಿಕ್ಕಿತು. ಚಿತ್ರ ಎತ್ತಿ ಚೌಕದಲ್ಲಿಟ್ಟು ಪ್ರಶ್ನೆ ಬರೆದರೆ ಆಯಿತು. ಎರಡು ವಾರ ಕೂತು ಮಗ್ಗಿಯ ಆಟ ಕಟ್ಟಿದಳು. ಉತ್ತರ ಬರೆದರೆ ಸಾಧನದಲ್ಲೇ ಸಿದ್ಧವಿದ್ದ ಕರಡಿಯೊಂದು ತಲೆಯಾಡಿಸಿ ಸುಳಿವು ಕೊಡುತ್ತದೆ. ಬೇಕಾದರೆ ಉತ್ತರ ತಿದ್ದಬಹುದು.

ಮೊದಲ ದಿನವೇ ಹದಿನಾಲ್ಕು ಮಕ್ಕಳೂ ಸರಿಯುತ್ತರ ಬರೆದು, ಅಳಿಸಿ, ತಪ್ಪು ಬರೆದು ಕೂತರು.

ಹೆಡ್‌ಮಾಸ್ಟರ್ ಕಾಮೆನ್ ಅವಳ ಹಳೆಯ ಶಿಷ್ಯ. "ಶುಕ್ರವಾರ ಅಪ್ಪ ಅಮ್ಮಂದಿರು ನೋಡೋಕೆ ಬರ್ತಾರೆ ಮೇಡಂ. ಅವತ್ತೂ ಹೀಗೇ ಆದ್ರೆ ಕಂಪ್ಯೂಟರ್ ಕೋಣೆ ನಿಮ್ಮ ಕೈ ತಪ್ಪುತ್ತೆ. ಮಗ್ಗಿಗೆ ಕರಡಿ ಯಾಕೆ? ನಾವು ಕರಡಿ ಇಲ್ದೇ ಕಲೀಲಿಲ್ವಾ?"

"ಕಲಿತೆ. ಎಂಟೇಳ್ಲಿ ಅಂದ್ರೆ ಇವತ್ತಿಗೂ ಕಿಟಕಿ ಕಡೆ ನೋಡ್ತೀಯ."

ಮರುದಿನ ದೋಂಕಾ ಇವೆಲೀನಾ ಎಂಬ ಹುಡುಗಿಯ ಪಕ್ಕದಲ್ಲೇ ಕುಕ್ಕರಿಸಿದಳು.

"ಎಂಟೇಳ್ಲಿ ಎಷ್ಟು ಮಗಾ?"

"ಐವತ್ತಾರು."

"ಮತ್ಯಾಕೆ ಅಳಿಸ್ದೆ?"

"ಕರಡಿ 'ಅಲ್ಲ' ಅಂತು. ಹೀಗೆ." ಹುಡುಗಿ ಗದ್ದವನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದಳು.

ದೋಂಕಾ ಹಣೆ ಚಚ್ಚಿಕೊಂಡಳು. ಇಲ್ಲಿ ಹುಟ್ಟಿದವರು ಅಲ್ಲ ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಹೌದು ಎನ್ನಲು ಅಡ್ಡಡ್ಡ. ಕರಡಿಯೋ ಪರದೇಶದ್ದು, ಅಲ್ಲಿ ಇದರ ತಿರುಗುಮುರುಗು. ಅದರ ಕೆಳಗಿನ 'ಸರಿ' ಎಂಬ ಹೆಸರನ್ನು ನಂಬಿ ಅವಳು ಅದರ ಕತ್ತನ್ನೇ ಗಮನಿಸಿರಲಿಲ್ಲ.

ಯಾರನ್ನೂ ಕರೆಸಬೇಕಾಗಲಿಲ್ಲ. ಆಟ ಅವಳದೇ, ಕಟ್ಟಿದ ಕೈಯೂ ಅವಳದೇ. ಸರಿಯ ಚೌಕದ ಕರಡಿಯನ್ನು ತಪ್ಪಿನ ಚೌಕಕ್ಕೆಳೆದಳು, ತಪ್ಪಿನದನ್ನು ಸರಿಗೆ. ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಶುಕ್ರವಾರ ಮಕ್ಕಳು ಒಂದೂ ತಪ್ಪದೆ ಆಡಿದರು. ಆಮೇಲೆ ದೊಡ್ಡವರ ಸರದಿ. ಹನ್ನೊಂದು ವರ್ಷ ಜರ್ಮನಿಯಲ್ಲಿ ಲಾರಿ ಓಡಿಸಿ ಬಂದ ಇವೆಲೀನಾಳ ಅಪ್ಪ ಮುಂದೆ ಕೂತ. ಐವತ್ತಾರು ಬರೆದ. ಕರಡಿ ಅಡ್ಡಡ್ಡ ತಲೆಯಾಡಿಸಿತು. ಅವನು ಅಳಿಸಿ ಐವತ್ನಾಲ್ಕು ಬರೆದ. ಕೋಣೆಗೆ ಕೋಣೆಯೇ ನಕ್ಕಿತು.

"ಅಪ್ಪಾ, ಅದು ಹೌದು ಅಂದಿದ್ದು. ನೀನು ನಮ್ಮೂರೋನೇನಾ?"

"ಆಗಿದ್ದೆ ಕಣೇ. ಸರಿ ಜರುಗು, ಇನ್ನೊಂದು ಸಲ ನೋಡೋಣ."

ಒಂಬತ್ತರ ಮಗ್ಗಿ ಮುಗಿಯುವವರೆಗೂ ಅವನು ಏಳಲಿಲ್ಲ. ಅವನ ಬೆನ್ನ ಹಿಂದೆ ಉಳಿದ ಅಪ್ಪ ಅಮ್ಮಂದಿರು ಸಾಲುಗಟ್ಟಿದ್ದರು.

ಸಂಜೆ ಕಾಮೆನ್ ವೇಳಾಪಟ್ಟಿ ಹಿಡಿದು ಬಂದ. "ಕೋಣೆ ಮಂಗಳವಾರ, ಗುರುವಾರ ನಿಮ್ಗೇ ಮೇಡಂ."

"ಬುಧವಾರಾನೂ ಬರಿ."

"ಬುಧವಾರ ಚರಿತ್ರೆ ಮೇಷ್ಟ್ರು ಕೇಳಿದಾರೆ. ಅವರಿಗೂ ಆಟ ಕಟ್ಬೇಕಂತೆ."

ದೋಂಕಾ ಕನ್ನಡಕ ತೆಗೆದು ಒರೆಸಿದಳು. "ಕೊಡು ಹಾಗಾದ್ರೆ. ಬರುವಾಗ ಕುರ್ಚಿ ಅವರೇ ತಂದ್ಕೊಳ್ಳಲಿ, ನಾನು ಪಕ್ಕದಲ್ಲಿ ಕೂತಿರ್ತೀನಿ."