ತವರಿನ ಹೆಸರಿನ ಕಾಲಂ

ಬೆಳಗಾವಿಯ ಟಿಳಕವಾಡಿಯಲ್ಲಿ ಇಪ್ಪತ್ತೈದು ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದ ಕಾಂತಾ ಮೇಡಂ ಇಡೀ ಆಯುಷ್ಯದಲ್ಲಿ ಬರೆದ ದೊಡ್ಡ ಪ್ರೋಗ್ರಾಂ ಒಂದೇ. ಖಾನಾಪುರದ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ಅದು ಪ್ರತಿ ಬುಧವಾರ ಪಟ್ಟಿ ಮುದ್ರಿಸುತ್ತಿತ್ತು: ನಾಳೆ ಯಾವ ಕೂಸಿಗೆ ಲಸಿಕೆ, ಯಾವ ಊರಿಗೆ ಹೇಳಿ ಕಳಿಸಬೇಕು. ಹಿರಿಯ ನರ್ಸ್ ಸಿದ್ದಕ್ಕ ಆ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು.

ಪ್ರೋಗ್ರಾಂ ಬರೆದ ಕಂಪ್ಯೂಟರ್ ಭಾಷೆಯದ್ದೂ ಒಂದು ಕಥೆ. ಸಣ್ಣ ಕಂಪನಿಯೊಂದು ಕಟ್ಟಿದ್ದು; ಚುರುಕು, ಹಗುರ. ದೊಡ್ಡ ಕಂಪನಿಯ ಕಣ್ಣು ಅದರ ಮೇಲೆ ಬಿತ್ತು. ಜಗಳಕ್ಕೆ ಹೋಗಲಿಲ್ಲ, ಕೊಂಡೇಬಿಟ್ಟಿತು. ತನ್ನ ಹೆಸರು ಅಂಟಿಸಿ ಒಂದಷ್ಟು ವರ್ಷ ಮುದ್ದು ಮಾಡಿತು. ಆಮೇಲೆ ತನ್ನದೇ ಹೊಸ ಸಾಧನ ಮುಂದೆ ತಂದು, ಹಳೆಯದಕ್ಕೆ ಇನ್ನು ಹೊಸ ಆವೃತ್ತಿ ಇಲ್ಲವೆಂದು ಕೈ ತೊಳೆದುಕೊಂಡಿತು. ಪುಕ್ಕಟೆ ಹಂಚುವ ಭಾಷೆಗಳು ಬಂದಾಗಲೂ ಮೊದಲು ಮೂಗು ಮುರಿಯಿತು, ಆಮೇಲೆ ಅವನ್ನೇ ಮನೆಯೊಳಗೆ ಕರೆದು ಕೂರಿಸಿಕೊಂಡಿತು. ಮೇಡಂ ಕ್ಲಾಸಿನಲ್ಲಿ ಹೇಳುತ್ತಿದ್ದರು: "ದೊಡ್ಡವರು ಎದುರಾಳಿನ್ನ ಹೊಡಿಯೂದಿಲ್ಲ. ಸೊಸಿ ಮಾಡ್ಕೊಂಡು ಹೆಸರು ಬದಲಸ್ತಾರ."

ಹುಡುಗರು ನಗುತ್ತಿದ್ದರು. ಅದು ಮೇಡಂ ತಮ್ಮ ಬಗ್ಗೆಯೇ ಆಡಿದ ಮಾತು ಎಂದು ಯಾರಿಗೆ ಗೊತ್ತು? ತವರಿನಲ್ಲಿ ಅವರು ನೀಲಾ. ಮದುವೆಯ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ 'ಕಾಂತಾ' ಎಂದು ಬರೆದಿದ್ದರು. ಮದುವೆಯಾದ ಹೆಣ್ಣಿಗೆ ಹೊಸ ಹೆಸರಿಡುವುದು ಈ ಕಡೆಯ ಪದ್ಧತಿ. ಗಂಡ ಒಳ್ಳೆಯವರೇ, ಶಿವಬಸವ ನಗರದ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ತಾಯಿ ತೀರಿಕೊಂಡ ಮೇಲೆ ನೀಲಾ ಎಂದು ಕರೆಯುವವರು ಒಬ್ಬರೂ ಉಳಿಯಲಿಲ್ಲ. ಅದು ಅವರಿಗೆ ನೋಯುತ್ತಿತ್ತು.

ಹೋದ ವರ್ಷ ಆಸ್ಪತ್ರೆಯ ಹಳೆಯ ಕಂಪ್ಯೂಟರ್ ಕೈಕೊಡತೊಡಗಿತು. ಹೊಸದರಲ್ಲಿ ಆ ಪ್ರೋಗ್ರಾಂ ನಡೆಯದು. ಮೇಡಂ ಹತ್ತಿರವೇ ಕಲಿತು ಬೆಳಗಾವಿಯಲ್ಲೇ ಆಫೀಸು ಇಟ್ಟಿದ್ದ ಓಂಕಾರ ಅದನ್ನು ದೊಡ್ಡ ಕಂಪನಿಯ ಹೊಸ ಸಾಧನಕ್ಕೆ ಸಾಗಿಸಲು ಒಪ್ಪಿಕೊಂಡ. ಆ ಸಾಧನ ಹಳೆಯ ಸಾಲುಗಳನ್ನು ತಾನೇ ಓದಿ ತಾನೇ ಹೊಸದಾಗಿ ಬರೆಯುತ್ತಿತ್ತು. ತಾವು ಏಳು ತಿಂಗಳು ಕೂತು ಬರೆದದ್ದು ಊಟದ ಹೊತ್ತಿಗೆ ಮುಗಿದುಹೋದದ್ದನ್ನು ಮೇಡಂ ನೋಡಿದರು. ಇದರಲ್ಲಿ ನನ್ನದು ಅಂತ ಏನಾದರೂ ಉಳಿಯುತ್ತದೆಯೇ ಎಂಬುದೊಂದೇ ಚಿಂತೆ.

ಬುಧವಾರ ಮುಂಜಾನೆ ಸಿದ್ದಕ್ಕನ ಫೋನು. "ಮೇಡಂ, ಪಟ್ಟಿ ಬಂತ್ರಿ. ಆದ್ರ ನಲವತ್ತೊಂದು ಕೂಸು ಇರಬೇಕಾದಲ್ಲಿ ಹದಿನೆಂಟ ಅದಾವ."

ಮೇಡಂ ಓಂಕಾರನನ್ನು ಎಬ್ಬಿಸಿಕೊಂಡು ಖಾನಾಪುರದ ಬಸ್ಸು ಹತ್ತಿದರು. ಕಾರಣ ಸಿಕ್ಕಲು ಹೊತ್ತು ಹಿಡಿಯಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಮಗುವಿಗೆ ಹೆಸರಿಲ್ಲ. ಸಿದ್ದಕ್ಕ ಆ ಜಾಗದಲ್ಲಿ 'ಕೂಸು' ಎಂದು ಬರೆಯುತ್ತಿದ್ದರು, ಆಮೇಲೆ ತಿದ್ದಲು ಪುರಸೊತ್ತಿಲ್ಲ. ಹೊಸ ಸಾಧನ ಇಪ್ಪತ್ತನಾಲ್ಕು ಕೂಸುಗಳನ್ನು ಒಂದೇ ಕೂಸು ಎಂದುಕೊಂಡಿತ್ತು.

"ಹಳೇದ್ರಾಗ ಹೆಂಗ ಬ್ಯಾರೆ ಬ್ಯಾರೆ ಬರ್ತಿದ್ವುರೀ?" ಓಂಕಾರ ಕೇಳಿದ.

"ತಾಯಿ ತವರಿನ ಹೆಸರಿಂದ," ಎಂದರು ಮೇಡಂ. "ಅದಕ್ಕೊಂದು ಕಾಲಂ ಇತ್ತು. ಹೆರಿಗಿಗೆ ಬರೂದು ತವರಿಗೆ. ಇಲ್ಲಿ ಆಕಿ ಗಂಡನ ಮನಿ ಹೆಸರು ಕೇಳಿದ್ರ ಯಾರಿಗೂ ಗೊತ್ತಾಗೂದಿಲ್ಲ."

ಓಂಕಾರನ ಮುಖ ಸಣ್ಣದಾಯಿತು. ಒಬ್ಬಾಕೆಗೆ ಎರಡೆರಡು ಹೆಸರು ಯಾಕೆ, ಒಂದನ್ನು ತೆಗೆಯೋಣವೇ ಎಂದು ಸಾಧನ ಕೇಳಿತ್ತು. ಇವನು ಹೂಂ ಎಂದಿದ್ದ; ತವರಿನ ಹೆಸರಿನ ಕಾಲಂ ಹೋಗಿ, ಗುರುತಿಗೆ ಕೂಸಿನ ಹೆಸರೊಂದೇ ಉಳಿದಿತ್ತು.

"ತಪ್ಪಾತ್ರಿ ಮೇಡಂ."

"ಇರಲಿ ಬಿಡಪಾ. ವಾಪಸ್ ಹಾಕು."

ಹಾಕಿದ. ಪಟ್ಟಿಯಲ್ಲಿ ನಲವತ್ತೊಂದೂ ಕೂಸುಗಳು ಒಂದೊಂದಾಗಿ ಬಂದವು, ಒಬ್ಬೊಬ್ಬ ತಾಯಿಯ ಪಕ್ಕದಲ್ಲಿ ಆಕೆಗೆ ಹುಟ್ಟಿದ ಮನೆಯಲ್ಲಿಟ್ಟ ಹೆಸರು. ಮೇಡಂ ಆ ಹೆಸರುಗಳನ್ನು ಮೆಲ್ಲಗೆ ಓದಿಕೊಂಡರು.

"ಕೆಳಗ 'ಬರೆದವರು' ಅಂತ ಒಂದು ಸಾಲು ಹಾಕೂಣ್ರಿ," ಎಂದ ಓಂಕಾರ. "ನಿಮ್ಮ ಹೆಸರು ಹೊಡೀರಿ."

ಮೇಡಂ ಕೀಬೋರ್ಡು ಹತ್ತಿರ ಎಳೆದುಕೊಂಡು ಹೊಡೆದರು: ನೀಲಾ.

ಮುದ್ರಣವಾದ ಹಾಳೆಯನ್ನು ಸಿದ್ದಕ್ಕ ಕೆಳಗಿನ ತನಕ ಓದಿದರು. "ನೀಲಾ ಅಂದ್ರ ಯಾರ್ರಿ?"

"ನಾನರೀ. ತವರಿನ ಹೆಸರು."

ಸಿದ್ದಕ್ಕ ಒಂದು ಗಳಿಗೆ ಅವರ ಮುಖ ನೋಡಿದರು. ಒಳಗೆ ಹೋಗಿ ಚಾ ಸೋಸಿ, ಆಸ್ಪತ್ರೆಯ ಅಡುಗೆಮನೆಯಿಂದಲೇ ಕರೆದರು.

"ಬಾ ನೀಲಾ, ಚಾ ಆರತೈತಿ."