ಆರ್ಡಿಸ್‌ಗೆ ಸೀಟು ಬೇಕಿತ್ತು

ಆರ್ಡಿಸ್ ಕ್ವಾಮೆಗೆ ಕಾಫಿ ಕುಡಿಸಬೇಕಾದರೆ ಮೂರು ಸಲ ಕೇಳಬೇಕು. ಮೊದಲ ಸಲ ‘ಅಯ್ಯೋ, ನನಗ್ಯಾಕೆ, ಸುಮ್ಮನೆ ನಿಮಗೆ ತೊಂದರೆ’ ಅನ್ನುತ್ತಾಳೆ. ಎರಡನೆಯ ಸಲ ‘ಮಾಡಿಟ್ಟಿದ್ದರೆ ಬೇರೆ ಮಾತು’ ಅನ್ನುತ್ತಾಳೆ. ಮೂರನೆಯ ಸಲ ‘ಅರ್ಧ ಲೋಟ ಸಾಕು’ ಎಂದು ಕುರ್ಚಿ ಎಳೆದುಕೊಂಡಳೆಂದರೆ ಎರಡು ಲೋಟ ಮುಗಿಸಿಯೇ ಏಳುವುದು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಉತ್ತರ ಮಿನೆಸೋಟದ ನಮ್ಮ ಎಲ್ಡರ್ ಲೇಕ್‌ನಲ್ಲಿ ಎಲ್ಲರೂ ಹೀಗೆಯೇ. ಒಂದೇ ಸಲಕ್ಕೆ ಹೂಂ ಅಂದವನನ್ನು ಊಟ ಕಾಣದವನ ಹಾಗೆ ನೋಡುತ್ತೇವೆ. ಎರಡನೆಯ ಸಲ ಕೇಳದವನನ್ನು ಜಿಪುಣನೆಂದು ಬರೆದಿಟ್ಟುಕೊಳ್ಳುತ್ತೇವೆ.

ನಲವತ್ತು ದಾಟಿದ, ಶಾಲೆಯ ಬಸ್ಸು ಓಡಿಸುವ ಇಂಥ ಹೆಂಗಸಿಗೆ ವಕೀಲಳಾಗುವ ಹುಚ್ಚು ಹಿಡಿದದ್ದು ಕೋರ್ಟಿನಲ್ಲಿ. ಅವಳ ಬಸ್ಸು ಹೋಗುವ ದಾರಿಯಲ್ಲಿ ಬಾಡಿಗೆ ಜಾಗದ ಮೇಲೆ ನಿಂತ ಕೆಲವು ತಗಡಿನ ಮನೆಗಳಿದ್ದವು. ಜಾಗದ ಒಡೆಯ ಅಲ್ಲಿದ್ದ ಮುದುಕಿಯೊಬ್ಬಳನ್ನು ಒಕ್ಕಲೆಬ್ಬಿಸಲು ಕೇಸು ಹಾಕಿದ. ಮುದುಕಿಗೆ ಜೊತೆಯಾಗಲೆಂದು ಆರ್ಡಿಸ್ ಹೋದಳು. ಅಲ್ಲಿ ಮುದುಕಿಯ ಬಾಯಿ ಏಳಲೇ ಇಲ್ಲ. ಕರಾರು ಪತ್ರವನ್ನು ಓದಿಕೊಂಡಿದ್ದ ಆರ್ಡಿಸ್ ತಾನೇ ಎದ್ದು ನಿಂತಳು. “ನೀವು ವಕೀಲರೇನಮ್ಮ?” ಎಂದರು ನ್ಯಾಯಾಧೀಶರು. “ಅಲ್ಲ.” “ಹಾಗಾದ್ರೆ ಕೂತ್ಕೊಳ್ಳಿ.” ಕೂತಳು. ಕಾಫಿ ಆರುವಷ್ಟರಲ್ಲಿ ಮುದುಕಿಯ ಮನೆ ಹೋಯಿತು. ಹಾಗೆ ಕೂತದ್ದು ಆರ್ಡಿಸ್‌ಳನ್ನು ಸುಟ್ಟುಬಿಟ್ಟಿತು.

ಅರ್ಧಕ್ಕೆ ಬಿಟ್ಟಿದ್ದ ಪದವಿಯನ್ನು ಸಂಜೆ ತರಗತಿಗಳಲ್ಲಿ ಮುಗಿಸಿದಳು. ಪ್ರವೇಶ ಪರೀಕ್ಷೆ ಬರೆದಳು. ಮನೆಯಿಂದ ಕಾರಿನಲ್ಲಿ ಹೋಗಿಬರಬಹುದಾದ ಒಂದೇ ಒಂದು ಕಾನೂನು ಕಾಲೇಜಿಗೆ ಅರ್ಜಿ ಹಾಕಿದಳು. ಕೆರೆಯ ಮೇಲಿನ ಹಿಮ ಇನ್ನೂ ಗಟ್ಟಿಯಿದ್ದಾಗ ಉತ್ತರ ಬಂತು: ವೇಟಿಂಗ್ ಲಿಸ್ಟ್.

“ಇಲ್ಲ ಅಂದಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಇದೇನಿದು, ಬಾಗಿಲಲ್ಲಿ ನಿಲ್ಲಿಸಿ ಬಾ ಅಂತಾನೂ ಇಲ್ಲ, ಹೋಗು ಅಂತಾನೂ ಇಲ್ಲ,” ಎಂದು ಗಂಡ ಲೈಲ್‌ನ ಮುಂದೆ ಹೇಳಿಕೊಂಡಳು. ದೋಣಿಯ ಮೋಟಾರು ರಿಪೇರಿ ಮಾಡುವ ಲೈಲ್ ಬಹಳ ಯೋಚಿಸಿ, “ಬರ್ಗ್ ಅವರನ್ನ ಕೇಳು,” ಎಂದ.

ಹಾರ್ಲನ್ ಬರ್ಗ್ ನಮ್ಮೂರಿನ ನಿವೃತ್ತ ವಕೀಲರು. ನಮ್ಮೂರಿನವರಾದರೂ ಹೊರಗೆ ಓದಿ ಬಂದದ್ದರಿಂದ ಸ್ವಲ್ಪ ಕೆಟ್ಟಿದ್ದರು. ಬೇಕಾದದ್ದನ್ನು ಬೇಕು ಎನ್ನುತ್ತಿದ್ದರು. “ನೋಡಮ್ಮ, ಒಂದು ಪತ್ರ ಬರಿ. ನಿಮ್ಮ ಕಾಲೇಜೇ ನನಗೆ ಮೊದಲು, ಸೀಟು ಕೊಟ್ರೆ ಬಂದೇ ಬರ್ತೀನಿ ಅನ್ನು. ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನು ಮಾಡಿದ್ದೀಯೋ ಹೇಳು. ದಿನಾ ಫೋನ್ ಮಾಡಿ ಪ್ರಾಣ ತಿನ್ನಬೇಡ. ತಿಂಡಿಗಿಂಡಿ ಮಾಡ್ಕೊಂಡು ಹೋಗಬೇಡ.”

ಕೊನೆಯ ಮಾತು ಅವಳಿಗೆ ಬಹಳ ಕಷ್ಟವಾಯಿತು. ಬರಿಗೈಯಲ್ಲಿ ಕೇಳುವುದೆಂದರೇನು? ಆದರೂ ಪತ್ರ ಬರೆದು ತಂದಳು. ಬರ್ಗ್ ಗಟ್ಟಿಯಾಗಿ ಓದಿದರು: ‘ನನಗಿಂತ ಯೋಗ್ಯರು ಬಹಳ ಜನ ಇರುತ್ತಾರೆ. ಅವರಿಗೆಲ್ಲ ಕೊಟ್ಟು ಮಿಕ್ಕಿದ್ದರೆ ನನ್ನನ್ನು ನೋಡಬಹುದು. ಕೊಡದಿದ್ದರೂ ಬೇಸರವಿಲ್ಲ.’

“ಇದು ಸೀಟು ಕೇಳೋ ಪತ್ರವೋ, ಬಿಟ್ಟುಕೊಡೋ ಪತ್ರವೋ?”

“ಜಂಬ ಕೊಚ್ಚಿಕೊಂಡ ಹಾಗೆ ಕಾಣಬಾರದಲ್ಲ.”

“ಅತ್ತರೇನಮ್ಮ ತಾಯಿ ಹಾಲು ಕೊಡೋದು.”

“ಸ್ವಲ್ಪ ಮೆತ್ತಗೆ ಅಳಬಹುದಲ್ಲ.”

ಬರ್ಗ್ ಆ ಪತ್ರವನ್ನು ಒಲೆಗೆ ಹಾಕಿ ತಾವೇ ಹೇಳಿ ಬರೆಸಿದರು. ಬಸ್ಸಿನ ಮೇಲ್ವಿಚಾರಕನಿಂದಲೂ ಒಂದು ಪತ್ರ ಬಂತು: ಬಸ್ಸಿನ ತುಂಬ ಮಕ್ಕಳಿದ್ದರೂ ಆರ್ಡಿಸ್ ದನಿ ಏರಿಸದೆ ಜಗಳ ತೀರಿಸುತ್ತಾಳೆ, ಸೋತವನೂ ಇಳಿಯುವಾಗ ಅವಳಿಗೆ ಕೈ ಬೀಸಿ ಹೋಗುತ್ತಾನೆ, ಎಂದು. ‘ಸೀಟು ಕೊಟ್ಟರೆ ಖಂಡಿತ ಬರುತ್ತೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕುವಾಗ ಅವಳ ಕಿವಿ ಕೆಂಪಾಗಿತ್ತು.

ಹಿಮ ಕರಗಿತು, ಸೊಳ್ಳೆ ಬಂತು, ಶಾಲೆಗಳಿಗೆ ರಜೆಯಾಯಿತು. ಆಸೆ ಬಿಡುವುದೂ ಆಗದೆ ಇಟ್ಟುಕೊಳ್ಳುವುದೂ ಆಗದೆ ಆರ್ಡಿಸ್ ಸಣ್ಣಗಾದಳು. ಜುಲೈನ ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ರುಬಾರ್ಬ್ ದಂಟು ಹೆಚ್ಚುತ್ತಿದ್ದಾಗ ಫೋನು ಬಂತು.

“ಮಿಸೆಸ್ ಕ್ವಾಮೆ? ನಾನು ಕಾನೂನು ಕಾಲೇಜಿನಿಂದ, ರೊಸೆಲ್ಲಾ ಡಿಮಾರ್ಕೊ. ಒಂದು ಸೀಟು ಖಾಲಿ ಆಗಿದೆ. ನಿಮಗೆ ಬೇಕಾ?” ನಮ್ಮ ಕಡೆಯವರಲ್ಲ, ದೂರದ ನ್ಯೂಜೆರ್ಸಿಯ ಹೆಂಗಸು. ಮಾತು ಮಳೆ ಸುರಿದ ಹಾಗೆ.

ಆರ್ಡಿಸ್‌ಳ ಎದೆ ಬಾಯಿಗೆ ಬಂತು. ಆದರೆ ನಲವತ್ತು ವರ್ಷ ಪಳಗಿದ ಆ ಬಾಯಿ ಎದೆಯನ್ನು ಕೇಳದೆ ತಾನಾಗಿಯೇ ತೆರೆದುಕೊಂಡಿತು. “ಅಯ್ಯೋ, ನನಗ್ಯಾಕೆ ರೀ. ಯಾರಾದ್ರೂ ಚಿಕ್ಕ ವಯಸ್ಸಿನವರಿಗೆ ಕೊಡಿ,” ಎಂದು ಎರಡನೆಯ ಕೇಳಿಕೆಗಾಗಿ ಕಾದಳು.

“ಸರಿ ಹಾಗಾದ್ರೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್,” ಎಂದು ಡಿಮಾರ್ಕೊ ಫೋನು ಇಟ್ಟರು.

ಲೈಲ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಒಳಗೆ ಬಂದಾಗಲೂ ಫೋನು ಅವಳ ಕಿವಿಯಲ್ಲೇ ಇತ್ತು.

“ಯಾರೇ ಅದು?”

“ಕಾಲೇಜಿನವರು. ಸೀಟು ಬೇಕಾ ಅಂದ್ರು.”

“ನೀನೇನಂದೆ?”

“ಬೇಡ ಅಂದೆ.”

“ಅದು ಸರಿ. ಆಮೇಲೆ?”

“ಆಮೇಲೆ ಇಟ್ಟುಬಿಟ್ರು.”

ಲೈಲ್ ಕುರ್ಚಿ ಹಿಡಿದು ಕೂತ. “ಒಂದೇ ಸಲ ಕೇಳಿದ್ರಾ?”

“ಒಂದೇ ಸಲ.”

“ಎಂಥ ಜನವಪ್ಪ,” ಎಂದ ಲೈಲ್, ನಿಜವಾದ ನೋವಿನಿಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರ್ಡಿಸ್‌ಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಕೋರ್ಟಿನಲ್ಲಿ ಅವಳನ್ನು ಕೂರಿಸಿದವರು ನ್ಯಾಯಾಧೀಶರು. ಇಲ್ಲಿ ತನ್ನನ್ನು ತಾನೇ ಕೂರಿಸಿಕೊಂಡಿದ್ದಳು. ಫೋನು ತಿರುಗಿಸಿದಳು.

“ಊಟದ ಹೊತ್ತು ಕಣೆ, ತೊಂದರೆ ಕೊಟ್ಟ ಹಾಗಾಗುತ್ತೆ,” ಎಂದ ಲೈಲ್.

“ಆಗಲಿ.”

ಆ ಕಡೆಯಿಂದ ಡಿಮಾರ್ಕೊ ಏನೋ ಅಗಿಯುತ್ತಲೇ ಮಾತಾಡಿದರು. “ಈಗ ತಾನೇ ಬೇಡ ಅಂದ್ರಲ್ಲ?”

“ಅದು ಉಪಚಾರಕ್ಕೆ ಅಂದದ್ದು. ನಮ್ಮ ಕಡೆ ಒಂದೇ ಸಲಕ್ಕೆ ಬಿಡೋದಿಲ್ಲ, ತಿರುಗಿ ಕೇಳ್ತಾರೆ.”

“ಮನೆಗೆ ಬೆಂಕಿ ಬಿದ್ದಾಗಲೂ ತಿರುಗಿ ಕೇಳ್ತಾರಾ?”

ಆರ್ಡಿಸ್ ಪ್ರಾಮಾಣಿಕವಾಗಿ ಯೋಚಿಸಿದಳು. “ಚಿಕ್ಕ ಬೆಂಕಿ ಆದ್ರೆ ಕೇಳ್ತಾರೆ.”

ಆ ಕಡೆ ಅಗಿಯುವುದು ನಿಂತಿತು. “ನೋಡಿ, ಪಟ್ಟಿಯಲ್ಲಿ ನಿಮ್ಮ ನಂತರದ ಹುಡುಗನಿಗೆ ಫೋನ್ ಮಾಡಿದ್ದೆ. ಎತ್ತಲಿಲ್ಲ. ಊಟ ಮುಗಿಸಿ ಮತ್ತೆ ಮಾಡೋಣ ಅಂತಿದ್ದೆ.”

“ಪಾಪ, ಹಾಗಾದ್ರೆ ಅವನಿಗೇ…”

ಮೇಜಿನ ಕೆಳಗೆ ಲೈಲ್‌ನ ಬೂಟು ಅವಳ ಕಾಲಿಗೆ ಬಡಿಯಿತು.

“ಇಲ್ಲ. ಅವನಿಗೆ ಬೇಡ. ನನಗೆ ಕೊಡಿ. ನನಗೆ ಬೇಕು.”

ಇಷ್ಟು ದೊಡ್ಡ ದನಿಯಲ್ಲಿ ಆ ಮಾತನ್ನು ಅವಳು ಯಾರ ಮುಂದೂ ಆಡಿರಲಿಲ್ಲ.

“ನಿಮ್ಮದೇ ಆಯ್ತು ಬಿಡಿ,” ಎಂದು ಡಿಮಾರ್ಕೊ ನಕ್ಕರು. “ನಿಮ್ಮ ಪದ್ಧತಿ ಪ್ರಕಾರ ಇನ್ನೊಂದು ಸಲ ಕೇಳಲಾ?”

“ದಯವಿಟ್ಟು ಕೇಳಬೇಡಿ,” ಎಂದಳು ಆರ್ಡಿಸ್.

ಫೋನು ಇಟ್ಟಾಗ ಲೈಲ್ ಮೂಗು ಒರೆಸಿಕೊಳ್ಳುತ್ತಿದ್ದ. ಹೆಂಡತಿಯನ್ನು ಹೊಗಳಬೇಕೆನಿಸಿತು, ನಮ್ಮೂರಿನ ಗಂಡಸಿಗೆ ಅದು ಬರುವುದಿಲ್ಲ. ಆದ್ದರಿಂದ ಮದುವೆಯಾದಾಗಿನಿಂದ ಕೇಳುತ್ತ ಬಂದದ್ದನ್ನೇ ಕೇಳಿದ: “ರಾತ್ರಿ ಅಡುಗೆ ನಾನು ಮಾಡ್ಲಾ?”

“ಹೂಂ, ಮಾಡು,” ಎಂದು ಆರ್ಡಿಸ್ ಚಾಕು ಅವನ ಕಡೆ ತಳ್ಳಿದಳು.

ಲೈಲ್ ಚಾಕು ಹಿಡಿದು ಅವಳ ಎಂದಿನ ‘ಬೇಡ ಬಿಡು’ಗಾಗಿ ಕಾದ. ಅದು ಬರಲಿಲ್ಲ. ಕೊನೆಗೆ, “ಪಾತ್ರೆಗಳು ಯಾವ ಕಪಾಟಿನಲ್ಲಿವೆ?” ಎಂದು ಕೇಳಿದ.