ಅರಿಶಿನ ಹಚ್ಚಿದ ನಟ್ಟು

ನಮ್ಮ ಎದುರು ಮನೆಯ ಸುಲೋಚನಕ್ಕನಿಗೆ ಒಂದು ಚಟ. ಮನೆಗೆ ಹೊಸದಾಗಿ ಏನೇ ಬರಲಿ, ಅರಿಶಿನ ಕುಂಕುಮ ಹಚ್ಚದೆ ಅದನ್ನು ಬಳಸುವಂತಿಲ್ಲ. ಮಿಕ್ಸಿ ಬಂದರೆ ಮಿಕ್ಸಿಗೆ ಬೇರೆ, ಜಾರಿಗೆ ಬೇರೆ, ಮುಚ್ಚಳಕ್ಕೆ ಬೇರೆ. ತೋಟದ ಮೋಟರಿನ ಸ್ಟಾರ್ಟರ್ ಡಬ್ಬಿಯ ಬಣ್ಣ ಯಾವುದೆಂದು ಈಗ ಯಾರಿಗೂ ನೆನಪಿಲ್ಲ. ಕರೆಂಟು ಮೀಟರು ನೋಡಲು ಬರುವವನು ಪ್ರತಿ ತಿಂಗಳೂ ಕುಂಕುಮ ಒರೆಸಿ ನಂಬರು ಓದುತ್ತಾನೆ, ಗೊಣಗುತ್ತಾನೆ, ಹೋಗುತ್ತಾನೆ. ಮಾರನೇ ದಿನ ಅದರ ಮೇಲೆ ಹೊಸ ಕುಂಕುಮ ಇರುತ್ತದೆ.

ನಾನು ಒಮ್ಮೆ ರೇಗಿಸಿದ್ದೆ. 'ಅಕ್ಕಾ, ಮೀಟರಿಗೆ ಕುಂಕುಮ ಇಟ್ರೆ ಬಿಲ್ಲು ಕಮ್ಮಿ ಬತ್ತದಾ?'

'ಬಿಲ್ಲಿಗಲ್ಲ ಕಣೋ ಮಹೇಂದ್ರ. ಒಂದ್ಸಲ ಕೈಯಲ್ಲಿ ಮುಟ್ಟಿ ಮಾತಾಡಿಸಿದ್ರೆ ಅದೂ ನಮ್ಮನೇದಾಗ್ತದೆ' ಅಂದಳು. ಅಜ್ಜಂಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಇಡೀ ದಿನ ಯಂತ್ರದ ಜೊತೆ ಜಗಳವಾಡುವ ನನಗೆ ಆ ಮಾತು ನಗು ತರಿಸಿತ್ತು. ಈಗ ಬರುವುದಿಲ್ಲ.

ಸುಲೋಚನಕ್ಕನ ಗಂಡ ಹೋಗಿ ಬಹಳ ವರ್ಷವಾಯಿತು. ಒಂದಿಷ್ಟು ತೆಂಗಿನ ತೋಟ, ಒಂದಿಷ್ಟು ಬೆದ್ದಲು ಹೊಲ, ಮಗ ರಘು, ಸೊಸೆ ಭವ್ಯ, ಒಂದನೇ ಕ್ಲಾಸಿನ ಮೊಮ್ಮಗಳು ಸ್ಪಂದನಾ. ಇಷ್ಟೇ ಅವಳ ಪ್ರಪಂಚ. ರಘು ನಮ್ಮೂರಿನ ಒಂದು ಸ್ಕೂಲಿನ ವ್ಯಾನ್ ಡ್ರೈವರ್. ಎಷ್ಟು ನಿಧಾನ ಓಡಿಸುತ್ತಾನೆ ಅಂದರೆ ಎಮ್ಮೆ ಹಿಂಡಿಗೂ ದಾರಿ ಬಿಟ್ಟು ನಿಂತುಕೊಳ್ಳುವ ಆಸಾಮಿ. ಮಕ್ಕಳು ಅವನನ್ನು 'ಸ್ಲೋ ಅಂಕಲ್' ಅನ್ನುತ್ತಿದ್ದವು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ತಾಯಿ ಮಗ ಸೇರಿ ಕೊನೆಗೂ ಒಂದು ಕಾರು ತೆಗೆದರು. ದೊಡ್ಡ ಮಾಡೆಲ್ ಏನಲ್ಲ, ಚಕ್ರಕ್ಕೆ ಪ್ಲಾಸ್ಟಿಕ್ ಮುಚ್ಚಳವೂ ಇಲ್ಲದ್ದು, ನಟ್ಟುಗಳು ಎದ್ದು ಕಾಣುವಂಥದ್ದು. ತಳಕ್ಕೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಮಾಡಿಸಿ ಕೊಡುತ್ತೇವೆ ಅಂದ ಕಡೂರಿನ ಶೋರೂಮಿನವರು ಶುಕ್ರವಾರ ಬೆಳಿಗ್ಗೆ ಬನ್ನಿ ಅಂದರು. ಸ್ಪಂದನಾಳನ್ನೂ ನನ್ನನ್ನೂ ಕರೆದುಕೊಂಡು ಹೋದರು.

ಪೂಜೆ ಶೋರೂಮಿನಲ್ಲೇ ಆಯಿತು. ಅಕ್ಕ ಮನೆಯಿಂದ ತಂದ ಬಟ್ಟಲಲ್ಲಿ ಅರಿಶಿನ ಕಲಸಿ ಸ್ಟೇರಿಂಗಿಗೆ, ಬಾಗಿಲಿಗೆ, ವೈಪರಿಗೆ ಹಚ್ಚಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು ನಾಲ್ಕು ಚಕ್ರದ ಒಂದೊಂದು ನಟ್ಟಿಗೂ ಅರಿಶಿನ ಬಳಿದು ಮೇಲೆ ಕುಂಕುಮದ ಬೊಟ್ಟಿಟ್ಟಳು. ಸೇಲ್ಸ್ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಹತ್ತೂವರೆಗೆ ರಾಹುಕಾಲ. 'ಬೇಗ ತೆಗಿಯೋ ರಘು, ಟೈಮಾಯ್ತು' ಅಂತ ಅಕ್ಕನೇ ಗದರಿಸಿದಳು. ಮ್ಯಾನೇಜರ್ ಓಡಿ ಬಂದು ಕೀಲಿ ಕೊಟ್ಟು ಫೋಟೋ ತೆಗೆಸಿದರು. ನಿಂಬೆಹಣ್ಣು ಚಕ್ರದಡಿ ಪಚಕ್ಕಂದವು. ಅಲ್ಲಿಂದ ಸೀದಾ ಅಂತರಘಟ್ಟೆ ಅಮ್ಮನ ಗುಡಿಗೆ ಹೋಗಿ ಬಂದ ಮೇಲೆಯೇ ಮನೆ ಅಂತ ತೀರ್ಮಾನವಾಗಿತ್ತು.

ಬೀರೂರು ದಾಟಿ ಅಜ್ಜಂಪುರದ ಕಡೆ ತಿರುಗಿದ ಮೇಲೆ ಮುಂದಿನ ಎಡಗಡೆಯಿಂದ ಟಕಟಕ ಸದ್ದು ಶುರುವಾಯಿತು. ರಘು 'ಏನೋ ಸದ್ದು' ಅನ್ನುತ್ತಾ ವೇಗ ಇನ್ನೂ ಕಮ್ಮಿ ಮಾಡಿದ. ನಿಲ್ಲಿಸಲು ಜಾಗ ನೋಡುತ್ತಿದ್ದ. ಅಷ್ಟರಲ್ಲಿ ನನ್ನ ಕಣ್ಣೆದುರಿಗೇ ಒಂದು ಚಕ್ರ ನಮ್ಮ ಕಾರನ್ನು ಹಿಂದೆ ಹಾಕಿ ಮುಂದಕ್ಕೆ ಉರುಳಿಕೊಂಡು ಹೋಯಿತು. ಯಾರದ್ದೋ ಚಕ್ರ ಅಂದುಕೊಂಡೆ. ಅದು ನಮ್ಮದೇ ಅಂತ ತಲೆಗೆ ಹೋಗುವ ಮೊದಲೇ ಕಾರು ಒಂದು ಕಡೆ ಕುಸಿದು, ರಸ್ತೆ ಕೆರೆದುಕೊಂಡು, ಪಕ್ಕದ ಹೊಲಕ್ಕೆ ನುಗ್ಗಿ ನಿಂತಿತು.

ಸ್ಪಂದನಾ ಚೀರಿದಳು. ಕೂಸಿನ ಭುಜದ ಹತ್ತಿರ ಮೂಳೆ ಚರ್ಮದೊಳಗೇ ಎದ್ದು ನಿಂತಿತ್ತು. ಸುಲೋಚನಕ್ಕ ಮೊಮ್ಮಗಳನ್ನು ಎತ್ತಿಕೊಂಡು ಹೊಲದಲ್ಲಿ ನಿಂತು ಮಗನಿಗೆ ಅಂದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. 'ನನ್ ಮೊಮ್ಮಗಳನ್ನ ಕೊಲ್ಲಕ್ಕೆ ಹೊರಟಿದ್ಯಲ್ಲೋ. ಕಣ್ಣೆಲ್ಲಿಟ್ಟಿದ್ದೆ?'

ರಘು ರಸ್ತೆಯಲ್ಲಿ ಬಿದ್ದಿದ್ದ ಚಕ್ರವನ್ನು ಉರುಳಿಸಿಕೊಂಡು ಬಂದು ಕಾರಿನ ಪಕ್ಕ ಇಟ್ಟ, ಅಷ್ಟೇ.

ತರೀಕೆರೆಯಲ್ಲಿ ಎಕ್ಸ್‌ರೇ ಆಯಿತು, ಮಗುವಿನ ಕೈಗೆ ಜೋಳಿಗೆ ಕಟ್ಟಿದರು. ಮನೆಗೆ ಬರುವಷ್ಟರಲ್ಲಿ ಊರ ತುಂಬ ಸುದ್ದಿ. ರಘು ಕುಡಿದಿದ್ದನಂತೆ, ಹೊಸ ಗಾಡಿ ಅಂತ ಹಾರಿಸಿದನಂತೆ. ಕಾರಿನಲ್ಲೇ ಕೂತಿದ್ದ ನನ್ನ ಮುಂದೆಯೇ ಒಬ್ಬ ಹಾಗೆ ಹೇಳಿದ. ಶೋರೂಮಿನವರಿಗೆ ಫೋನು ಮಾಡಿದರೆ ಅವರೂ ಅದನ್ನೇ ಅಂದರು, ಸ್ವಲ್ಪ ನಯವಾಗಿ. 'ಗುಂಡೀಲಿ ಜೋರಾಗಿ ಇಳ್ಸಿರ್ತಾರೆ ಸಾರ್, ರ‍್ಯಾಶ್ ಡ್ರೈವಿಂಗ್ ಕೇಸು.' ಸ್ಕೂಲಿನ ಹೆಡ್ ಮೇಡಂ ಸಂಗೀತಾ ಒಳ್ಳೆಯವರೇ. ಆದರೆ ಮಕ್ಕಳ ತಂದೆ ತಾಯಿಯರು ಅವರನ್ನು ಬಿಡಲಿಲ್ಲ. ನಿಜ ಏನು ಅಂತ ಗೊತ್ತಾಗುವವರೆಗೂ ವ್ಯಾನ್ ಮುಟ್ಟಬೇಡ ಅಂತ ಮೇಡಂ ರಘುವಿಗೆ ಅಂದರು. ರಘು ವ್ಯಾನಿನ ಕೀಲಿ ಕೊಟ್ಟು ಬಂದು ಜಗಲಿಯಲ್ಲಿ ಕೂತವನು ಹಾಗೇ ಕೂತುಬಿಟ್ಟ. ಭವ್ಯ ಮಾತು ಬಿಟ್ಟಳು. ಮಗು ಮಾತ್ರ ಅಪ್ಪನ ಪಕ್ಕದಲ್ಲೇ ಊಟ ಮಾಡುತ್ತಿತ್ತು.

ಮುರಿದ ಕಾರನ್ನು ಶೋರೂಮಿನವರು ಎಳೆದುಕೊಂಡು ಹೋಗುತ್ತೇವೆ ಅಂದಾಗ ಅಕ್ಕ ಬಿಡಲಿಲ್ಲ. 'ಅಮ್ಮನ ಗುಡಿಗೆ ಅಂತ ಹೊರಟಿದ್ದು. ಅಲ್ಲಿಗೆ ಹೋಗಗಂಟ ತೊಳೆಯಂಗಿಲ್ಲ, ಬೇರೆಯೋರು ಮುಟ್ಟಂಗಿಲ್ಲ' ಅಂದಳು. ಕ್ರೇನಿನವರು ತಂದು ಮನೆ ಮುಂದೆ ಕಲ್ಲಿನ ಮೇಲೆ ನಿಲ್ಲಿಸಿದರು. ಮೂರು ಚಕ್ರದ ಆ ಕಾರಿಗೂ ಅಕ್ಕ ದಿನಾ ಊದುಬತ್ತಿ ಬೆಳಗುತ್ತಿದ್ದಳು. ನಿಜ ಹೇಳಬೇಕೆಂದರೆ, ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಂಡೆ.

ಮಂಗಳವಾರ ಸಂಜೆ ಅವಳ ಕೂಗು ಕೇಳಿತು. 'ಮಹೇಂದ್ರಾ, ಬೇಗ ಬಾರೋ.'

ಓಡಿದೆ. ಅಕ್ಕ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳು ಒಂದು ನಟ್ಟಿನ ಮೇಲಿತ್ತು. 'ಕುಂಕುಮ ಇಡಕ್ಕೆ ಹೋದೆ. ನೋಡು ಇದು.' ಬೆರಳು ಸರಿಸಿದಳು. ನಟ್ಟು ತಿರುಗಿತು.

ನಾನು ಪಕ್ಕದ್ದನ್ನು ಹಿಡಿದೆ. ಅದೂ ತಿರುಗಿತು. ಚಕ್ರ ಬಿದ್ದ ಕಡೆಯಲ್ಲ ಇದು, ಹಿಂದಿನ ಬಲಗಡೆ. ಒಂದೊಂದು ನಟ್ಟಿನ ಮೇಲೂ ಶುಕ್ರವಾರದ ಅರಿಶಿನ ಒಣಗಿ ಗಟ್ಟಿಯಾಗಿ ಕೂತಿತ್ತು, ಒಂದು ಅಂಚೂ ಕೆರೆದಿರಲಿಲ್ಲ. ಪೂಜೆಯಾದ ಮೇಲೆ ಯಾರೂ ಇದಕ್ಕೆ ಸ್ಪ್ಯಾನರ್ ಹಾಕಿರಲಿಲ್ಲ. ಹಾಕಿದ್ದರೆ ಅರಿಶಿನ ಉದುರುತ್ತಿತ್ತು. ಅಂದರೆ ಗಾಡಿ ನಮಗೆ ಕೊಡುವಾಗಲೇ ಹೀಗಿತ್ತು. ಯಾವ ಚಕ್ರ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದಿತ್ತು. ಒಂದೊಂದು ನಟ್ಟಿನದೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಅಕ್ಕ ಜಗಲಿಯ ಕಡೆ ನೋಡಿದಳು. ರಘು ಅಲ್ಲೇ ಕೂತಿದ್ದ. ಒಳಗೆ ಹೋಗಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ನಾವು ಮೂವರು ಬಸ್ಸಿನಲ್ಲಿ ಕಡೂರಿಗೆ ಹೋದೆವು. ರಘು ಶೋರೂಮಿನ ಗೇಟು ದಾಟಲು ಒಪ್ಪಲಿಲ್ಲ, ಹೊರಗೇ ನಿಂತ. ನನ್ನ ಮೊಬೈಲಿನಲ್ಲಿದ್ದ ಫೋಟೋಗಳನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವರು ನೋಡಿದರು, ನಕ್ಕರು. 'ನೀವೇ ಬಿಚ್ಚಿ, ಆಮೇಲೆ ಅರಿಶಿನ ಬಳಿದಿರಬಹುದಲ್ಲ ಸಾರ್. ಫೋಟೋ ಯಾರು ಬೇಕಾದ್ರೂ ತೆಗೀಬಹುದು.'

ಅಂತರಘಟ್ಟೆ ಅಮ್ಮನ ಹೆಸರಲ್ಲಿ ಹಚ್ಚಿದ ಅರಿಶಿನದ ಮೇಲೆ ಸುಳ್ಳು ಹೇಳುವ ಹೆಂಗಸು ಅಂತ ಸುಲೋಚನಕ್ಕನನ್ನು ಅದುವರೆಗೆ ಯಾರೂ ಅಂದಿರಲಿಲ್ಲ. ಆದರೂ ತಾಳ್ಮೆಯಿಂದಲೇ ಅಂದಳು, 'ಸ್ವಾಮಿ, ನಂಗೆ ನಿಮ್ ದುಡ್ಡೂ ಬ್ಯಾಡ, ಬೇರೆ ಗಾಡೀನೂ ಬ್ಯಾಡ. ನನ್ ಮಗ ಮನೇಲಿ ಕೂತವ್ನೆ. ನಟ್ಟು ಬಿಗಿ ಮಾಡ್ದೆ ಗಾಡಿ ಕೊಟ್ವಿ, ತಪ್ಪು ನಮ್ದು ಅಂತ ಒಂದ್ ಮಾತು ಅವನ ಸ್ಕೂಲಿಗೆ ಹೇಳಿ.'

ಮ್ಯಾನೇಜರಿಗೆ ಸಿಟ್ಟು ಬಂತು. 'ಅವತ್ತು ಅವಸರ ಮಾಡ್ದೋರು ಯಾರಮ್ಮ? ರಾಹುಕಾಲ ರಾಹುಕಾಲ ಅಂತ ತಲೆ ತಿಂದ್ರಲ್ಲ. ಹುಡುಗ್ರಿಗೆ ಕೊನೇ ಚೆಕ್ ಮಾಡಕ್ಕೂ ಬಿಡ್ಲಿಲ್ಲ ನೀವು.'

ಅವಸರ ಮಾಡಿದ್ದು ನಿಜ, ನಾನೇ ಸಾಕ್ಷಿ. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ನನಗೆ ಮಾತ್ರ ಮೈ ಉರಿಯಿತು. 'ಅಂದ್ರೆ ಚೆಕ್ ಮಾಡ್ಲಿಲ್ಲ ಅಂತಾಯ್ತಲ್ಲ ಸಾರ್' ಅಂದೆ. ಅವರು ನೀರು ಕುಡಿದರು. 'ಹಂಗಲ್ಲ' ಅಂದರು. ಹೆಂಗೆ ಅಂತ ಹೇಳಲಿಲ್ಲ.

ಅಷ್ಟರಲ್ಲಿ ಹೊರಗಡೆ ಗಂಟೆ ಬಾರಿಸಿದ ಸದ್ದು. ಗಾಜಿನಾಚೆ ಇನ್ನೊಂದು ಹೊಸ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಹಿರೇನಲ್ಲೂರಿನ ಈರಣ್ಣ ಅಂತ, ಬಿಳಿ ಅಂಗಿಯ ಹಿರಿಯರು, ಕಾಯಿ ಒಡೆಯುತ್ತಿದ್ದರು. ಅವರ ಮಗ ಕೀಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ, ಸೊಸೆ ಕೈಗೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ಸೇಲ್ಸ್ ಹುಡುಗ ಗಡಿಯಾರ ನೋಡಿ 'ಬೇಗ ಬೇಗ, ಹತ್ತೂವರೆಗೆ ರಾಹುಕಾಲ' ಅನ್ನುತ್ತಿದ್ದ.

ಸುಲೋಚನಕ್ಕ ಎದ್ದಳು. ಮ್ಯಾನೇಜರ್ 'ಅಮ್ಮಾ, ಎಲ್ಲಿಗೆ' ಅಂದರು. ಅವಳು ಹಿಂದೆ ತಿರುಗಿ ನೋಡದೆ ಹೋಗಿ ಆ ಕಾರಿನ ಮುಂದಿನ ಚಕ್ರದ ಬಳಿ ನೆಲಕ್ಕೆ ಕೂತಳು. 'ಯಾರಮ್ಮಾ ನೀನು?' ಅಂತ ಈರಣ್ಣ ಗಾಬರಿಯಾದರು.

'ಒಂದ್ ನಿಮಿಷ ಇರಣ್ಣ' ಅಂದು ಅಕ್ಕ ನಟ್ಟು ಹಿಡಿದಳು. ಬರಲಿಲ್ಲ. ಎರಡನೆಯದೂ ಬರಲಿಲ್ಲ. ಮ್ಯಾನೇಜರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಕ್ಕ ಕೂತಲ್ಲೇ ಸರಿದು ಹಿಂದಿನ ಚಕ್ರಕ್ಕೆ ಬಂದಳು, ಕೂಸು ಕೂತಿದ್ದ ಬಾಗಿಲ ಕೆಳಗೆ. ಅಲ್ಲಿ ನಟ್ಟು ಬೆರಳಿಗೇ ಬಂತು. ತಿರುಗಿಸುತ್ತಾ ಹೋದಳು. ಪೂರ್ತಿ ಬಿಚ್ಚಿ ಅಂಗೈಯಲ್ಲಿ ಹಿಡಿದು ಮೇಲೆತ್ತಿದಳು.

ಈರಣ್ಣನವರ ಕೈಯಲ್ಲಿದ್ದ ಕಾಯಿ ಹೋಳು ನೆಲಕ್ಕೆ ಬಿತ್ತು. ಸೊಸೆ ಮಗುವನ್ನು ಅವಚಿಕೊಂಡು ಕೆಳಗಿಳಿದಳು. ಕೋಟಿಂಗ್ ಮಾಡಲು ಹಿಂದಿನ ಸಂಜೆ ಚಕ್ರ ಬಿಚ್ಚಿದ್ದರಂತೆ, ಕೈಯಲ್ಲಿ ತಿರುಗಿಸಿ ಕೂರಿಸಿದ್ದರಂತೆ, ಬೆಳಿಗ್ಗೆ ಬಿಗಿ ಮಾಡುವವನು ಮುಂದಿನ ಎರಡು ಮುಗಿಸುವಷ್ಟರಲ್ಲಿ ಪೂಜೆಗೆ ತನ್ನಿ ಅಂದರಂತೆ. ಶುಕ್ರವಾರ ಬಂದರೆ ಹೀಗೇ ಅಂತ ಸದ್ದಿಗೆ ಸ್ಪ್ಯಾನರ್ ಹಿಡಿದೇ ಹೊರಗೆ ಬಂದ ಆ ಕೆಲಸದವನು ನಮ್ಮೆಲ್ಲರ ಎದುರಿಗೇ ಹೇಳಿದ. ಇನ್ನೆಷ್ಟು ಶುಕ್ರವಾರ, ಇನ್ನೆಷ್ಟು ಗಾಡಿ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕತೊಡಗಿದೆ. ಮ್ಯಾನೇಜರ್ ಅಲ್ಲೇ ಇದ್ದ ಮೆಟ್ಟಿಲ ಮೇಲೆ ಕೂತುಬಿಟ್ಟರು.

'ಅವಸರ ಮಾಡಿದ್ದು ನನ್ ತಪ್ಪು. ಒಪ್ಕೊಂಡೆ' ಅಂದಳು ಅಕ್ಕ. 'ನಾನು ರಾಹುಕಾಲ ನೋಡ್ತೀನಿ, ಅದು ನನ್ ಕೆಲ್ಸ. ನಟ್ಟು ನೋಡಾದು ಯಾರ ಕೆಲ್ಸ ಸ್ವಾಮಿ?'

ಅಕ್ಕ ನನ್ನಿಂದ ನಂಬರು ಹೇಳಿಸಿ ಸ್ಕೂಲಿಗೆ ಮ್ಯಾನೇಜರಿಂದಲೇ ಫೋನು ಮಾಡಿಸಿದಳು, ಸ್ಪೀಕರ್ ಹಾಕಿಸಿ. 'ತಪ್ಪು ನಮ್ಮದು ಮೇಡಂ. ಡ್ರೈವರ್‌ದು ಏನೂ ಇಲ್ಲ. ಬರೆದೂ ಕೊಡ್ತೀವಿ.' ಆಚೆಯಿಂದ ಸಂಗೀತಾ ಮೇಡಂ 'ಸೋಮವಾರದಿಂದ ರಘುನ ಬರಕ್ಕೆ ಹೇಳಿ' ಅಂದರು.

ಅಕ್ಕ ಗೇಟಿನ ಕಡೆ ಕೂಗಿದಳು. 'ರಘು, ಬಾರೋ ಇಲ್ಲಿ.' ಅವನು ಬಂದ. ನಟ್ಟನ್ನು ಅವನ ಕೈಗಿಟ್ಟಳು. 'ಹೊಲದಲ್ಲಿ ನಿಂಗೆ ಆಡಬಾರದ್ದು ಆಡ್ದೆ ಕಣಪ್ಪ. ಹೆತ್ತೋಳೇ ಹಂಗಂದ್ರೆ ಊರಿನೋರು ಬಿಡ್ತಾರಾ.'

ರಘು ನಟ್ಟನ್ನು ನೋಡಿದ, ತಾಯಿಯನ್ನು ನೋಡಿದ. ಕೆಲಸದವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಆ ಕಾರಿನ ನಾಲ್ಕೂ ಚಕ್ರ ಬಿಗಿ ಮಾಡಿದ. ಎಷ್ಟು ನಿಧಾನ ಅಂದರೆ ಅಷ್ಟು ನಿಧಾನ. ಹತ್ತೂವರೆ ಯಾವಾಗ ಆಯಿತೋ, ಯಾರೂ ಗಡಿಯಾರ ನೋಡಲಿಲ್ಲ.

ಮುಗಿದ ಮೇಲೆ ಈರಣ್ಣ ಕೀಲಿ ತಂದು ಅವನ ಮುಂದೆ ಹಿಡಿದರು. 'ತಮ್ಮಾ, ನನ್ ಮಗನಿಗೆ ಗಾಬರಿಗೆ ಕೈಕಾಲು ಆಡ್ತಿಲ್ಲ. ಊರ ತನಕ ನೀನೇ ಬಿಟ್ಕೊಡು.'

'ನಾನಾ?' ಅಂದ ರಘು.

'ಹೂಂನಪ್ಪ, ನೀನೇ.' ಅವರ ಸೊಸೆ ಮತ್ತೆ ಹಿಂದಿನ ಸೀಟಿಗೆ ಹತ್ತಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡಳು. ರಘು ಸ್ಟೇರಿಂಗ್ ಮುಂದೆ ಕೂತು, ಕನ್ನಡಿ ಸರಿ ಮಾಡಿಕೊಂಡು, ಅದರಲ್ಲಿ ಆ ಮಗುವನ್ನೇ ನೋಡುತ್ತಾ ಇದ್ದ. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು. ಸುಲೋಚನಕ್ಕ ಕಿಟಕಿಯ ಹತ್ತಿರ ಬಗ್ಗಿದಳು.

'ಅವಸರ ಏನೂ ಇಲ್ಲ ಕಣಪ್ಪ, ನಿಧಾನಕ್ಕೆ ಹೋಗು' ಅಂದಳು.